ಗಿಟಾರ್ ಪೆಟ್ಟಿಗೆಯಿಂದ ಬಂದ ನನ್ನ ದನಿ

ಗುರಪ್ಪನವರು ಸೌಂಡನ್ನು ಅಂಗೈಯಲ್ಲಿ ಕೇಳುತ್ತಿದ್ದರು. ಕಾರ್ಯಕ್ರಮಕ್ಕೆ ಮೊದಲು ಒಂದೊಂದು ಸ್ಪೀಕರಿನ ಮುಂದೆ ನಿಂತು, ಅದರ ಜಾಲರಿಯ ಮೇಲೆ ಬಲಗೈ ಊರಿ, ಮಗುವಿಗೆ ಜ್ವರ ಇದೆಯೇ ಎಂದು ನೋಡುವವರ ಹಾಗೆ ಕಣ್ಣು ಮುಚ್ಚುತ್ತಿದ್ದರು. "ಇದರಾಗ ಹೊಟ್ಟಿ ಇಲ್ಲ" ಎಂದರೆ ಡ್ರಮ್ಮಿನ ಗುದ್ದು ಕಡಿಮೆ ಎಂದರ್ಥ. "ಇದಕ್ಕ ನೆಗಡಿ ಆಗೇತಿ" ಎಂದರೆ ಮೇಲಿನ ಸ್ವರಗಳು ಮಂಕು. ಅವರು ಹೇಳಿದ್ದು ತಪ್ಪಿದ್ದನ್ನು ನಾನಂತೂ ಕಾಣೆ.

ಅವರು ಗದಗಿನ ಕಡೆಯವರು. ಹದಿನೆಂಟು ವರ್ಷ ಮುಂಬಯಿಯ ಪರೇಲಿನ ಒಂದು ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸಿದ್ದರು. ಆ ಸದ್ದು ಅವರ ಕಿವಿಯಿಂದ ಸಣ್ಣ ಸದ್ದುಗಳನ್ನೆಲ್ಲ ತಿಂದುಹಾಕಿತ್ತು; ಗಡಿಯಾರದ ಟಿಕ್‌ಟಿಕ್, ಪಾತ್ರೆಯ ಕಣಕಣ ಯಾವುದೂ ಕೇಳುತ್ತಿರಲಿಲ್ಲ. ಮಗ್ಗದ ಶೆಡ್ಡಿನಲ್ಲಿ ಯಾರ ಮಾತೂ ಕೇಳದ ಕಾರಣ ಅಲ್ಲಿಯವರೆಲ್ಲ ತುಟಿ ನೋಡಿ ಮಾತಾಡುತ್ತಿದ್ದರಂತೆ. ಮಿಲ್ಲು ಮುಚ್ಚಿದ ಮೇಲೆ ಆಂಪ್ಲಿಫಯರ್ ರಿಪೇರಿ ಕಲಿತು, ನಮ್ಮ ಶೆಟ್ಟರ ಆರ್ಕೆಸ್ಟ್ರಾದಲ್ಲಿ ಸೌಂಡಿನವರಾದರು. ಅರ್ಧ ಕಿವುಡನಿಗೆ ಸೌಂಡು ಒಪ್ಪಿಸಿದ್ದಾರೆ ಎಂದು ನಗುವವರಿದ್ದರು. ಆದರೆ ಸಭಾಂಗಣದ ಆ ತುದಿಯಲ್ಲಿ ನಿಂತು ಪಿಸುಗುಟ್ಟಿದರೂ ಈ ತುದಿಯಿಂದ ಗುರಪ್ಪ ಉತ್ತರ ಕೊಡುತ್ತಿದ್ದುದರಿಂದ ಆ ನಗು ಬಹಳ ದಿನ ಉಳಿಯಲಿಲ್ಲ. ಒಮ್ಮೆ ಶೆಟ್ಟರು ದೂರದ ಬಾಗಿಲಲ್ಲಿ ಯಾರಿಗೋ, ಇವತ್ತು ವಡೆ ಬೇಡ, ಚಹಾ ಮಾತ್ರ ಸಾಕು ಎಂದರು. ಮಿಕ್ಸರಿನ ಹಿಂದಿನಿಂದ ಗುರಪ್ಪ, ವಡೆ ಇಲ್ಲದಿದ್ದರೆ ವೈರೂ ಇಲ್ಲ ಎಂದು ತಿಳಿಸಿದರು. ವಡೆ ಬಂತು.

ನಾನು ಆಗ ಚೆಂಬೂರಿನ ಒಂದು ಕಂಪನಿಯಲ್ಲಿ ಟೈಪಿಸ್ಟ್. ಭಾನುವಾರಗಳಲ್ಲಿ ಆರ್ಕೆಸ್ಟ್ರಾದ ಹಾಡುಗಾರ್ತಿ. ಮೈಸೂರಿನಿಂದ ಬಂದ ನಮ್ಮ ತಂದೆಗೆ ಮಗಳು ವೇದಿಕೆ ಹತ್ತುವುದು ಅಷ್ಟಾಗಿ ಇಷ್ಟವಿರಲಿಲ್ಲ. ನನಗೆ ಮಾತ್ರ ವಾರದ ಆರು ದಿನಗಳೂ ಆ ಒಂದು ದಿನಕ್ಕಾಗಿಯೇ ಇದ್ದವು. ಒಂದು ಮಳೆಗಾಲ ಜ್ವರ ಬಂದು, ಇಳಿಯುವಾಗ ನನ್ನ ಎಡಗಿವಿಯನ್ನು ತೆಗೆದುಕೊಂಡು ಹೋಯಿತು. ಪರೇಲಿನ ಆಸ್ಪತ್ರೆಯವರು ಕೈಚೆಲ್ಲಿದರು. ಆರ್ಕೆಸ್ಟ್ರಾದಲ್ಲಿ ನಾನು ಯಾರಿಗೂ ಹೇಳಲಿಲ್ಲ. ವೇದಿಕೆಯಲ್ಲಿ ನನ್ನ ಬಲಗಡೆ ಡ್ರಮ್ಮು, ಟ್ರಂಪೆಟ್ಟು. ಉಳಿದ ಒಂದೇ ಕಿವಿಯೊಳಕ್ಕೆ ಅವೇ ನುಗ್ಗಿ ನನ್ನ ದನಿ ನನಗೇ ಕೇಳದಾಯಿತು. ಎರಡು ಕಾರ್ಯಕ್ರಮಗಳಲ್ಲಿ ಶ್ರುತಿ ತಪ್ಪಿದೆ. ಶೆಟ್ಟರು ಒಳ್ಳೆಯವರೇ, ಆದರೂ ಇನ್ನೊಂದು ಸಲ ಹೀಗಾದರೆ ಬೇರೆ ಹುಡುಗಿಯನ್ನು ನೋಡಬೇಕಾಗುತ್ತದೆ ಎಂದು ನೆಲ ನೋಡುತ್ತ ಹೇಳಿದರು.

ಅಂದು ವೈರು ಸುತ್ತುತ್ತಿದ್ದ ಗುರಪ್ಪ ನನ್ನ ಎದುರಿಗೆ ಬಂದು ನಿಂತು, ಮೆಲ್ಲಗೆ ಕೇಳಿದರು.

"ಅಕ್ಕಾರ, ನಿಮ್ಮ ಎಡಗಿವಿ ಯಾವಾಗಿಂದ ಕೇಳವಲ್ದು?"

ಆ ಬದಿಯಿಂದ ಕರೆದರೆ ನಾನು ಇಡೀ ಮೈ ತಿರುಗಿಸುತ್ತಿದ್ದುದನ್ನು ಅವರೊಬ್ಬರೇ ಗಮನಿಸಿದ್ದರು. ನಾನು ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ಕಿವಿಯ ಯಂತ್ರಕ್ಕೆ ಅಚ್ಚು ತೆಗೆಯುತ್ತಾರಲ್ಲ, ಹಾಗೆ ಬಲಗಿವಿಗೆ ಒಂದು ಮಾಡಿಸಿಕೊಂಡು ಬನ್ನಿ ಎಂದರು. ಅಂಗಡಿಯವನು, ಚೆನ್ನಾಗಿ ಕೇಳುವ ಕಿವಿಗೆ ಅಚ್ಚು ಯಾಕಮ್ಮ ಎಂದು ಮೂರು ಸಲ ಕೇಳಿದ. ಯಾಕೆಂದು ನನಗೂ ಗೊತ್ತಿರಲಿಲ್ಲ.

ಗುರಪ್ಪ ಆ ಅಚ್ಚಿನ ನಡುವೆ ತೂತು ಕೊರೆದು ವಾಕ್‌ಮನ್ನಿನ ಇಯರ್‌ಫೋನ್ ಕೂರಿಸಿದರು. ಕಿವಿಗೆ ಹಾಕಿಕೊಂಡರೆ ಹೊರಗಿನ ಗಲಾಟೆ ಬಾಗಿಲು ಮುಚ್ಚಿದಂತೆ ನಿಂತುಹೋಗುತ್ತಿತ್ತು. ಮಿಕ್ಸರಿನಿಂದ ನನ್ನ ದನಿ, ಹಾರ್ಮೋನಿಯಂ, ಸ್ವಲ್ಪ ತಬಲಾ ಮಾತ್ರ ಅದರೊಳಗೆ ಬಿಡುವುದು ಅವರ ಲೆಕ್ಕಾಚಾರ. ಆದರೆ ಮೈಕು ಒಮ್ಮೆ ಕಿರುಚಿದರೆ ಆ ಸದ್ದು ನೇರ ನನ್ನ ಒಂದೇ ಕಿವಿಗೆ ಬಡಿಯುತ್ತಿತ್ತು. ಆ ಭಯಕ್ಕೆ ಮದ್ದು ಅವರಿಗೆ ಸಿಕ್ಕಿದ್ದು ವಿಲ್ಫಿಯ ಕಾಲಬುಡದಲ್ಲಿ.

ವಿಲ್ಫಿ ನಮ್ಮ ಗಿಟಾರಿಸ್ಟ್, ಮಂಗಳೂರಿನವನು. ಅವನ ಅಣ್ಣ ಗಲ್ಫಿನಿಂದ ಗಿಟಾರಿನ ಎಫೆಕ್ಟ್ ಪ್ರೊಸೆಸರ್ ತಂದುಕೊಟ್ಟಿದ್ದ. ಒಂದೇ ಪೆಟ್ಟಿಗೆಯಲ್ಲಿ ಎಕೋ, ಗರ್ಜನೆ, ನಡುಕ, ಎಲ್ಲವೂ. ಕಾಲಿನಿಂದ ಒತ್ತಿದರೆ ಬದಲಾಗುತ್ತಿತ್ತು. ಅದರ ಇಂಗ್ಲಿಷ್ ಪುಸ್ತಕವನ್ನು ಗುರಪ್ಪ ಮನೆಗೆ ಒಯ್ದು, ಶಾಲೆಗೆ ಹೋಗುವ ಮಗಳಿಂದ ಓದಿಸಿಕೊಂಡು ಬಂದರು. ಅದರಲ್ಲಿ ಕಂಪ್ರೆಸರ್ ಎಂಬುದೊಂದಿತ್ತು: ಸದ್ದು ಎಷ್ಟೇ ಜಿಗಿದರೂ ತಲೆಯ ಮೇಲೆ ಕೈಯಿಟ್ಟು ಕೂರಿಸುತ್ತಿತ್ತು. ಹೆಡ್‌ಫೋನಿಗೆ ಬೇರೆ ಸಾಕೆಟ್ಟೂ ಇತ್ತು. ಮಿಕ್ಸರಿನಿಂದ ಈ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ನನ್ನ ಕಿವಿಗೆ. ಗಿಟಾರಿನ ಸಣ್ಣ ಸದ್ದಿಗೆಂದು ಮಾಡಿದ ಪೆಟ್ಟಿಗೆಯ ಬಾಯಿ ಮಿಕ್ಸರಿನ ಜೋರಿಗೆ ಮೊದಲು ಒಡಕಲಾಗಿ ಕೆಮ್ಮಿತು. ನಡುವೆ ಏನೋ ಬೆಸೆದು ಆ ಜೋರನ್ನು ತಗ್ಗಿಸಿದರು.

ನನ್ನ ಕಿವಿಗೆ ಹಾಕುವ ಮೊದಲು ಅವರು ತಮ್ಮ ಕಿವಿಗೆ ಬೇರೊಂದು ಇಯರ್‌ಫೋನ್ ಸಿಕ್ಕಿಸಿಕೊಂಡು, ಡ್ರಮ್ಮಿನವನಿಗೆ ಕೈ ಸೋಲುವ ತನಕ ಬಾರಿಸು ಎಂದರು. ಮೈಕನ್ನು ಬೇಕೆಂದೇ ಸ್ಪೀಕರಿನ ಎದುರು ಹಿಡಿದು ಕಿರುಚಿಸಿದರು. ನಾನು ತಡೆಯಲು ಹೋದೆ.

"ನಿಮಗಿರೂದು ಒಂದ ಕಿವಿ. ನಂದು ಹೆಂಗೂ ಅರ್ಧ ಹೋಗೇತಿ" ಎಂದು ಮತ್ತೆ ಕಿರುಚಿಸಿದರು.

ಆಮೇಲೆ ನನ್ನ ಸರದಿ. ಒಂದು ಸಾಲು ಹಾಡಿದೆ. ನನ್ನ ದನಿ ತಲೆಯ ನಟ್ಟನಡುವೆ, ಉಸಿರಿನ ಸಮೇತ, ಮೆತ್ತಗಿನ ಒಂದು ಎಕೋ ಹೊದ್ದುಕೊಂಡು ಬಂತು. ತಿಂಗಳುಗಟ್ಟಲೆ ಕಳೆದುಕೊಂಡಿದ್ದು ಸಿಕ್ಕಿತ್ತು. ನಾನು ನಿಲ್ಲಿಸಲೇ ಇಲ್ಲ, ಇಡೀ ಹಾಡು ಹಾಡಿಬಿಟ್ಟೆ. ವಿಲ್ಫಿ ಅಲ್ಲೇ ಕುಣಿದ. ನನ್ನ ಹಾಡುಗಳ ಹೊತ್ತಿಗೆ ಹಳೆಯ ಪೆಡಲ್ ಬಳಸುತ್ತೇನೆ, ಹೊಸ ಪೆಟ್ಟಿಗೆ ಅಕ್ಕನಿಗಿರಲಿ ಎಂದ. ಆದರೆ ಅದು ಅವನ ಕಾಲ ಬಳಿಯೇ ಇರಬೇಕು, ಕಣ್ಣು ತಪ್ಪಿಸಿ ಎಲ್ಲೂ ಇಡಬಾರದು ಎಂಬುದು ಅವನ ಷರತ್ತು.

ಆ ಷರತ್ತೇ ಮುಂದಿನ ಭಾನುವಾರ ನನ್ನ ಪ್ರಾಣ ತೆಗೆಯಲಿತ್ತು. ಮಾಟುಂಗದ ಸಭಾಂಗಣ, ಸಂಜೆಯ ಆಟ, ಹಿಂದಿನ ಸಾಲಿನವರೆಗೂ ಜನ. ಶೆಟ್ಟರು ಪರದೆಯ ಪಕ್ಕದಲ್ಲಿ ಉಗುರು ಕಚ್ಚುತ್ತಿದ್ದರು. ಕೂದಲು ಇಳಿಬಿಟ್ಟು ಕಿವಿ ಮುಚ್ಚಿಕೊಂಡಿದ್ದೆ. ವೈರು ಸೀರೆಯ ಬೆನ್ನಲ್ಲಿ ಇಳಿದಿತ್ತು. ಮೊದಲ ಹಾಡು ಹೂವಿನ ಹಾಗೆ ಹೋಯಿತು. ಎರಡನೆಯದರಲ್ಲಿ ಗಿಟಾರಿನ ತುಣುಕು ಬಂದಾಗ ವಿಲ್ಫಿಯ ಕಾಲು ರೂಢಿಯಂತೆ ಹೊಸ ಪೆಟ್ಟಿಗೆಯನ್ನೇ ಒತ್ತಿತು. ನಾನು ಚರಣ ಎತ್ತಿಕೊಂಡೆ. ಕಿವಿಯೊಳಗೆ ನನ್ನ ದನಿ ಕೋಣದ ಹಾಗೆ ಗುಟುರು ಹಾಕಿತು.

ಹೊರಗೆ ಜನಕ್ಕೆ ಕೇಳುತ್ತಿದ್ದುದು ನನ್ನ ಮಾಮೂಲಿ ದನಿಯೇ. ಆ ಕೋಣ ನನ್ನೊಬ್ಬಳಿಗೆ. ಅದು ನನಗೆ ತಿಳಿದಿದ್ದರೂ ಇಯರ್‌ಫೋನ್ ಕಿತ್ತುಬಿಡೋಣ ಎನಿಸಿತು. ಕೈ ಕಿವಿಯತ್ತ ಹೋಯಿತು. ಕಿತ್ತರೆ ಟ್ರಂಪೆಟ್ಟಿನ ಗಲಾಟೆ, ಅಲ್ಲಿಗೆ ಶ್ರುತಿ ಮುಗಿಯಿತು. ಗುರಪ್ಪನವರತ್ತ ನೋಡಿದೆ. ಅವರು ಮಿಕ್ಸರಿನ ಹಿಂದೆ ಎದ್ದು ನಿಂತು, ನನಗೆ ಓದಲು ಬರುವಷ್ಟು ನಿಧಾನವಾಗಿ ತುಟಿ ಆಡಿಸಿದರು.

"ತಗೀಬ್ಯಾಡ್ರಿ. ಹಾಡ್ರಿ."

ಹಾಡಿದೆ. ಕೋಣವೂ ಶ್ರುತಿಯಲ್ಲೇ ಇದೆ ಎಂಬುದು ಆಗ ಹೊಳೆಯಿತು! ಅದನ್ನೇ ಹಿಡಿದುಕೊಂಡು ಎರಡು ಸಾಲು ದಾಟಿದೆ. ಅಷ್ಟರಲ್ಲಿ ಗುರಪ್ಪ ವೇದಿಕೆಯ ಮೇಲೆ, ಡ್ರಮ್ಮಿನ ಹಿಂದಿನಿಂದ ಅಂಬೆಗಾಲಿನಲ್ಲಿ ತೆವಳಿ ಬಂದು, ವಿಲ್ಫಿಯ ಬೂಟನ್ನು ಎತ್ತಿ ಪಕ್ಕಕ್ಕಿಟ್ಟು, ಪೆಟ್ಟಿಗೆಯನ್ನು ಒತ್ತಿದರು. ನನ್ನ ದನಿ ತಿರುಗಿ ಬಂತು. ಖುಷಿ ಎಷ್ಟು ಉಕ್ಕಿತೆಂದರೆ ಕೊನೆಯ ಸ್ವರವನ್ನು ಎಂದೂ ಹಿಡಿಯದಷ್ಟು ಹೊತ್ತು ಹಿಡಿದೆ. ಜನ ಒನ್ಸ್ ಮೋರ್ ಎಂದರು. ಬೇರೆ ಹುಡುಗಿಯ ಮಾತನ್ನು ಶೆಟ್ಟರು ಮತ್ತೆ ಎತ್ತಲಿಲ್ಲ.

ಹಾಗೆ ನಾಲ್ಕು ವರ್ಷ ಹಾಡಿದೆ. ಆಮೇಲೆ ಕ್ಯಾಸೆಟ್ಟಿನ ಸಂಗೀತಕ್ಕೆ ಹಾಡುವ ಕಾಲ ಬಂತು, ಆರ್ಕೆಸ್ಟ್ರಾ ಚದುರಿತು. ಗುರಪ್ಪ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಗಾಳಾ ಎನ್ನುವ ಸಣ್ಣದೊಂದು ಮಳಿಗೆ ಹಿಡಿದು ಆಂಪ್ಲಿಫಯರ್ ರಿಪೇರಿಗೆ ಕೂತರು. ಅವರು ತೀರಿಕೊಂಡ ಸುದ್ದಿ ವಿಲ್ಫಿಯಿಂದ ನನಗೆ ತಲುಪಿದ್ದು ತಿಂಗಳು ಕಳೆದ ಮೇಲೆ. ಹಾಗಾಗಿ ನನ್ನ ಮದುವೆಯ ಕಾಗದ ಕೊಡಲು ಕಾಂದಿವಲಿಗೆ ಹೋಗಿದ್ದೇ ಕಡೆಯ ಭೇಟಿ.

ಅಂದು ಮಧ್ಯಾಹ್ನ ಕರೆಂಟು ಹೋಗಿ ಎಸ್ಟೇಟಿನ ಮೆಷಿನುಗಳೆಲ್ಲ ನಿಂತಿದ್ದವು. ಗುರಪ್ಪ ಕಾಗದವನ್ನು ಎರಡು ಸಲ ಓದಿ, ಜೇಬಿಗಿಟ್ಟು, ಸ್ವಲ್ಪ ಸಂಕೋಚದಿಂದ ಹೇಳಿದರು.

"ಇಷ್ಟು ವರ್ಷ ನಾ ನಿಮ್ಮ ಸೌಂಡ್ ಕೇಳೇನಿ ಅಕ್ಕಾರ. ಹಾಡು ಒಂದೂ ಕೇಳಿಲ್ಲ. ಎಲ್ಲಿ ಕೂಗತೈತಿ, ಎಲ್ಲಿ ಕರಕರ ಅಂತೈತಿ, ಅದರ ಮ್ಯಾಲೇ ಜೀವ ಇರ್ತಿತ್ತು. ಒಂದು ಹಾಡ್ತೀರೇನು?"

ಅವರು ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಮೈಕಿಲ್ಲ, ವೈರಿಲ್ಲ. ಪಲ್ಲವಿ, ಎರಡೂ ಚರಣ, ಒಂದನ್ನೂ ಬಿಡದೆ ಹಾಡಿದೆ. ಮುಗಿದ ಮೇಲೆ ಅವರು, ನನ್ನನ್ನು ಅಂದೇ ಮೊದಲ ಸಲ ಕೇಳಿದವರಂತೆ ಮುಖ ಅರಳಿಸಿ ಹೇಳಿದರು:

"ನೀವು ಭಾಳ ಚಲೋ ಹಾಡ್ತೀರಿ."