ಟವೆಲ್ ಹಾಕಿದ ಸೀಟು, ಮರೆತುಹೋದ ಬೌಲರ್

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೊಂದರ ಒಡೆತನದ ಬಗ್ಗೆ ಗಂಭೀರ ವಿವಾದ ತಲೆದೋರಿತು. ಹೊರಗಿನಿಂದಲೇ ಟವೆಲ್ ಎಸೆದು ಸೀಟು ಹಿಡಿದಿದ್ದವರು ಸಿರಿಗೇರಿಯ ಹಿರಿಯರೊಬ್ಬರು. ಟವೆಲ್ ಸರಿಸಿ ಕೂತವನು ನಾನು.

"ಏಳ್ರಿ, ಅದು ನಂದು."

ಮಾತು ತಿರುಗಿಸಲು, ನಾನು ಪತ್ರಿಕೆಗೆ ಬರೆಯುವವನೆಂದೂ, ದೇಶವೇ ಮರೆತ ಬೌಲರೊಬ್ಬರ ಬಗ್ಗೆ ಮೊನ್ನೆಯಷ್ಟೇ ಮರುಗಿ ಬರೆದೆನೆಂದೂ ಹೇಳಿದೆ. ಒಂದು ತುದಿಯಿಂದ ಅವರು ರನ್ ಬಿಟ್ಟುಕೊಡದೆ ಬ್ಯಾಟ್ಸ್‌ಮನ್‌ಗಳನ್ನು ಬಿಗಿ ಹಿಡಿಯುತ್ತಿದ್ದರು, ಇನ್ನೊಂದು ತುದಿಯವರು ವಿಕೆಟ್ ಪಡೆದು ಹೆಸರಾಗುತ್ತಿದ್ದರು.

"ಯಾರ್ರಿ ಅವ್ರು? ಹೆಸರು ಹೇಳ್ರಿ, ಸೀಟು ನಿಮಗ ಬಿಟ್ಟೆ."

ಹೆಸರು ನೆನಪಾಗಲಿಲ್ಲ. "ಎಡಗೈ ಬೌಲರ್," ಎಂದೆ.

"ಬಲಗೈರಿ," ಎಂದ ಹಿರಿಯರು ಆ ಬೌಲರ್ ಹೆಸರು, ಊರು ಎರಡನ್ನೂ ಹೇಳಿದರು. "ರೇಡಿಯೊದಾಗ ಕೇಳೀನಿ. ದೇಶ ಮರ್ತಿಲ್ರಿ, ನೀವು ಮರ್ತೀರಿ."

ಸಿರುಗುಪ್ಪದವರೆಗೆ ನಿಂತೇ ಹೋದೆ.