ಲಿಫ್ಟು ಸರಿ ಇದೆ

ಮಯೂರ್ ವಿಹಾರಿನ ನಮ್ಮ ಸೊಸೈಟಿಗೆ ಒಬ್ಬ ಸೆಕ್ರೆಟರಿ ಇದ್ದರು. ನಮ್ಮ ಕಡೆಯವರೇ, ರಿಟೈರಾದ ಸರ್ಕಾರಿ ಅಧಿಕಾರಿ. ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ದೂರು ಬರೆದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ, ತೋರುಬೆರಳಲ್ಲಿ ಒತ್ತಿ ಅಳಿಸಿಬಿಡುತ್ತಿದ್ದರು. "ಸುಮ್ನೆ ಪ್ಯಾನಿಕ್ ಯಾಕ್ರೀ?" ಕೊನೆಗೆ ಗ್ರೂಪಿನಲ್ಲಿ ತಾವೊಬ್ಬರೇ ಬರೆಯುವ ಹಾಗೆ ಮಾಡಿಕೊಂಡರು. ದಿನಾ ಗುಲಾಬಿ ಹೂವು, ಗುಡ್ ಮಾರ್ನಿಂಗ್. ನಾವೆಲ್ಲ ಗ್ರೂಪನ್ನು ಮ್ಯೂಟ್ ಮಾಡಿ ನೆಮ್ಮದಿಯಾಗಿದ್ದೆವು.

ಬೇಸಿಗೆಯಲ್ಲಿ ಲಿಫ್ಟು ಅಲ್ಲಲ್ಲೇ ನಿಲ್ಲತೊಡಗಿತು. ಯಾರು ಏನೇ ಕೇಳಿದರೂ ಲಿಫ್ಟು ಸರಿ ಇದೆ ಅನ್ನಬೇಕೆಂದು ಗಾರ್ಡಿಗೆ ಆರ್ಡರಾಯಿತು. ಜನ ಗಾಬರಿಯಾಗುತ್ತಾರೆಂದು ಒಳಗಿನ ಗಂಟೆಯ ವೈರನ್ನೂ ಕೀಳಿಸಿದರು. ನಾವು ಮೆಟ್ಟಿಲು ಹಿಡಿದೆವು. ನಮಗೆ ಧೈರ್ಯ ತುಂಬಲು ಒಂದು ಮಧ್ಯಾಹ್ನ ಅವರೇ ಲಿಫ್ಟು ಹತ್ತಿದರು. ಅದು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು.

ಮೆಟ್ಟಿಲು ಹತ್ತುತ್ತಿದ್ದ ನನಗೆ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಒಳಗೆ ಯಾರೋ ಸಿಕ್ಕಿಕೊಂಡಿದ್ದಾರೆ ಎಂದು ಕೆಳಗಿದ್ದ ಗಾರ್ಡಿಗೆ ಕೂಗಿ ಹೇಳಿದೆ.

"ಲಿಫ್ಟ್ ಠೀಕ್ ಹೈ, ಮೇಡಂ!"

ಚೆನ್ನಾಗಿ ಬೈದ ಮೇಲೆ ಬಂದು ಬಾಗಿಲು ತೆಗೆದ.

ಸೆಕ್ರೆಟರಿ ಬೆವರಲ್ಲಿ ತೊಯ್ದು ಹೊರಬಂದರು. ಅಷ್ಟೂ ಹೊತ್ತು ಗ್ರೂಪಿಗೆ 'ಕಾಪಾಡಿ' ಎಂದು ಹಾಕುತ್ತಲೇ ಇದ್ದರಂತೆ. ನನ್ನನ್ನು ದುರುಗುಟ್ಟಿ ನೋಡಿದರು.

"ನಿಜ ಹೇಳಿ ಮೇಡಂ, ನನ್ನ ಮೆಸೇಜ್ ಡಿಲೀಟ್ ಮಾಡ್ತಿರೋರು ಯಾರು?"