ಅಕ್ಕ ರೊಟ್ಟಿ ಬಿಟ್ಟ ವರ್ಷ

ಹಸಿವೆಗಾಗಿ ಒಂದು ದಿನ ಹಂಬಲಿಸುತ್ತೀ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಇದ್ದಷ್ಟು ದಿನ ಅದನ್ನು ಬೈಯುತ್ತಲೇ ಬದುಕಿದವಳು ನಾನು. ಇಂಡಿ ಊರಿನ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಶಾಲೆ ಟೀಚರು. ಬೆಳಿಗ್ಗೆ ಎಷ್ಟೇ ಉಂಡು ಬಂದಿದ್ದರೂ, ಬಿಸಿಯೂಟದ ಕೋಣೆಯಿಂದ ಬೇಳೆಯ ಒಗ್ಗರಣೆಯ ವಾಸನೆ ಬಂತೆಂದರೆ ನನ್ನ ಹೊಟ್ಟೆ ಮಕ್ಕಳಿಗಿಂತ ಮೊದಲು ಗಂಟೆ ಬಾರಿಸುತ್ತಿತ್ತು. ಶಾಲೆಗೆ ಹೋಗುವ ಟಂಟಂ ಆಟೋದವನು ದಿನಾ ಬೆಳಿಗ್ಗೆ, "ಟೀಚರ, ನೀವು ನಡುವ ಕುಂದರ್ರಿ, ಗಾಡಿ ಒಂದ ಕಡೆ ವಾಲ್ತೈತಿ" ಎನ್ನುತ್ತಿದ್ದ. ಉಳಿದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮನೆಗೆ ಬಂದು ಸಿಟ್ಟಿನಿಂದ ಇನ್ನೊಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದೆ.

ಮೊಣಕಾಲು ಸೋತಿದ್ದವು. ಸಕ್ಕರೆ ಕಾಯಿಲೆ ಬಂದಿತ್ತು. ಶಾಲೆಯ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕೊನೆಗೆ ನನ್ನ ಯಜಮಾನರು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿ ನನ್ನ ಜಠರವನ್ನು ಕತ್ತರಿಸಿ, ಮೇಲಿನ ಚಿಕ್ಕ ಭಾಗವನ್ನಷ್ಟೇ ಬೇರೆ ಮಾಡಿ, ಅದಕ್ಕೆ ಕರುಳನ್ನು ನೇರವಾಗಿ ಜೋಡಿಸಿದರು. ಉಳಿದ ಜಠರ ಒಳಗೇ ಇದೆ, ನಿವೃತ್ತಿಯಾದ ಮೇಲೂ ಶಾಲೆಗೆ ಬಂದು ಕೂಡುವ ಹೆಡ್‌ಮಾಸ್ತರರಂತೆ. ಡಾಕ್ಟರು ನನ್ನ ಊರು ಕೇಳಿ ನಕ್ಕು, "ಇಂಡಿಯವ್ರಲ್ಲೇನ್ರಿ? ನಿಮ್ಮ ಊರಿನ ಲಿಂಬಿಹಣ್ಣಿನಷ್ಟ ಹೊಟ್ಟಿ ಉಳಿಸೇವಿ ನೋಡ್ರಿ. ಅದರಾಗ ಎಷ್ಟು ಹಿಡಿತೈತೋ ಅಷ್ಟ ಉಣ್ಣೂದು" ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಬಹಳ ಸುಲಭ.

ನಿಜವಾದ ಕಷ್ಟ ಶುರುವಾದದ್ದು ಅಕ್ಕ ಬಂದ ಮೇಲೆ.

ಅಕ್ಕನ ಮನೆ ಮುಳವಾಡದ ಕಡೆ. ಅವ್ವ ತೀರಿಕೊಂಡಾಗ ನಾನು ಇನ್ನೂ ಸಣ್ಣವಳು, ನನಗೆ ಉಣಿಸಿ ಬೆಳೆಸಿದವಳು ಅವಳೇ. ಅವಳಿಗೆ ಮುದ್ದು ಮಾಡಲು ಬರುವುದಿಲ್ಲ, ಒಳ್ಳೆಯ ಮಾತಾಡಲೂ ಬರುವುದಿಲ್ಲ. ಬಡಿಸಲು ಮಾತ್ರ ಬರುತ್ತದೆ. ನಾನು ಪರೀಕ್ಷೆಯಲ್ಲಿ ಪಾಸಾದಾಗ ಹೋಳಿಗೆ, ಫೇಲಾದಾಗಲೂ ಹೋಳಿಗೆ. ನನ್ನ ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ಮನೆಗೆ ಹೋದರೆ ನಾವಿಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಒಲೆಯ ಮುಂದೆ ಅವಳು ರೊಟ್ಟಿ ಬಡಿಯುವುದು, ಬಿಸಿಬಿಸಿ ಇರುವಾಗಲೇ ಹರಿದು ಅರ್ಧ ನನ್ನ ಕಡೆ ನೂಕುವುದು, ಎಣ್ಣೆಗಾಯಿಯ ಎಳೆಯ ಬದನೆ ಹುಡುಕಿ ನನಗೆ ಕೊಟ್ಟು ಬಲಿತದ್ದನ್ನು ತಾನು ತಿನ್ನುವುದು. ಊರಿನ ಸುದ್ದಿಯೆಲ್ಲ ಆ ತಾಟಿನ ಮೇಲೇ ಆಗಬೇಕು.

ನಾನು ಆಸ್ಪತ್ರೆಯಿಂದ ಬಂದ ಮರುದಿನವೇ ಅವಳು ಇಂಡಿಗೆ ಬಂದಿಳಿದಳು. ಕೈಯಲ್ಲಿ ಎರಡು ದೊಡ್ಡ ಡಬ್ಬಿ. ಬಂದವಳೇ ನನ್ನ ಹೊಟ್ಟೆಯ ಮೇಲಿನ ಹೊಲಿಗೆಗಳನ್ನು ನೋಡಿ, ಹಳೆಯ ನೂಲಿನ ಸೀರೆ ಹರಿದು, ಹೊಟ್ಟೆಗೆ ಬಿಗಿಯಾಗಿ ಸುತ್ತಲು ನಿಂತಳು. ಕಿವಿಗೆ ಅರಳೆ ಇಟ್ಟಳು. ತಲೆಗೆ ಅರಿವೆ ಕಟ್ಟಿದಳು. ಮಂಚದ ಕೆಳಗೆ ಕೆಂಡ ಇಟ್ಟು ಲೋಬಾನದ ಹೊಗೆ ಹಾಕಿದಳು.

"ನಾ ಏನ್ ಹಡದೇನೇನ ಅಕ್ಕಾ?" ಎಂದೆ.

"ಹೊಟ್ಟಿ ಕೊಯ್ದಾರ ಅಂದ್ರ ಬಾಣಂತಿನ. ಕೂಸು ಇಲ್ಲ ಅಷ್ಟ" ಎಂದಳು.

ಡಬ್ಬಿಗಳಲ್ಲಿ ಬಾಣಂತಿಯರಿಗೆ ಕೊಡುವ ಅಂಟಿನ ಉಂಡೆ ಇದ್ದವು. ಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ ಎಲ್ಲ ಕೈಬಿಚ್ಚಿ ಹಾಕಿದ್ದಳು. ನನಗೆ ಆಗ ಬೇಳೆಕಟ್ಟು, ನೀರುಮಜ್ಜಿಗೆ, ಡಾಕ್ಟರು ಕೊಟ್ಟ ಪುಡಿ ಕಲಸಿದ ಹಾಲು ಬಿಟ್ಟು ಬೇರೆ ಏನೂ ಇರಲಿಲ್ಲ. ಅದನ್ನೂ ಚಮಚದಿಂದ ಗುಟುಕು ಗುಟುಕಾಗಿ ಕುಡಿಯಬೇಕು. ಉಂಡೆಯನ್ನು ಯಜಮಾನರು ಕಪಾಟಿನ ಮೇಲಿಟ್ಟರು. ಅಕ್ಕ ಸುಮ್ಮನಿರುವ ಹೆಂಗಸಲ್ಲ. ಗಟ್ಟಿ ಪದಾರ್ಥ ಬೇಡವೆಂದರೆ ತೆಳ್ಳಗೆ ಮಾಡಿದರಾಯಿತು ಎಂದು, ಅವರು ಸಂತೆಗೆ ಹೋದಾಗ ಗೋಧಿ ರವೆ, ಬೆಲ್ಲ ಹಾಕಿ ಪಾಯಸದಂಥ ಸಜ್ಜಕ ಕಾಸಿ ಬಟ್ಟಲಲ್ಲಿ ತಂದಳು. ಆ ವಾಸನೆಗೆ ನನ್ನ ಜೀವವೇ ಎದ್ದು ಕುಳಿತಿತು. ನಾಲ್ಕು ಚಮಚ ಕುಡಿದೆ. ಸ್ವಲ್ಪ ಹೊತ್ತಿಗೆ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು, ಮೈಯೆಲ್ಲ ಬೆವರಿತು, ಕಣ್ಣು ಕತ್ತಲೆ ಬಂತು, ಹೊಟ್ಟೆ ತಿರುವಿಕೊಂಡು ಬಂತು. ಹೀಗೆ ಮಾಡಿದ ಹೊಟ್ಟೆಗೆ ಸಿಹಿ ಹೋದರೆ ಹಾಗಾಗುತ್ತದೆ ಎಂದು ಡಾಕ್ಟರು ಹೇಳಿಯೇ ಇದ್ದರು. ಅಕ್ಕನಿಗೆ ಯಾರು ಹೇಳಬೇಕು? ಅವಳು ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಆತು ನಿಂತುಬಿಟ್ಟಳು.

"ನನ್ನ ಕೈಯಾಗಿಂದು ಉಂಡ್ರ ನಿನಗ ಹಿಂಗಾತಲ್ಲ" ಎಂದಳು, ನನ್ನ ಬೆವರು ಆರಿದ ಮೇಲೆ.

"ನಿನ್ನ ಕೈದು ಅಲ್ಲಕ್ಕಾ, ಬೆಲ್ಲದ್ದು" ಎಂದೆ. ಅವಳ ಕಿವಿಗೆ ಅದು ಹೋಗಲಿಲ್ಲ. ಮರುದಿನ ಬಸ್ಸು ಹತ್ತಿ ಹೋದಳು.

ತಿಂಗಳುಗಳು ಹೋದವು. ತೆಳ್ಳನೆಯದು ಹೋಗಿ ಕಿವುಚಿದ ನುಚ್ಚು ಬಂತು, ಆಮೇಲೆ ಮೆತ್ತನೆಯ ಪಲ್ಯ, ಆಮೇಲೆ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಒಂದು ಚೂರು. ತುತ್ತನ್ನು ಬಾಯಲ್ಲೇ ಹಿಟ್ಟಾಗುವ ತನಕ ಅಗಿಯಬೇಕು. ಅವಸರ ಮಾಡಿದರೆ ಎದೆಯಲ್ಲಿ ಕಲ್ಲು ಕುಳಿತಂತೆ ಕೂಡುತ್ತದೆ. ಉಣ್ಣುವಾಗ ನೀರು ಕುಡಿಯುವ ಹಾಗಿಲ್ಲ. ಶಾಲೆಯಲ್ಲಿ ಉಳಿದ ಟೀಚರುಗಳು ಉಂಡು, ಕೈತೊಳೆದು, ಸಾಹೇಬರ ಮೇಲೆ ಬೇಕಾದಷ್ಟು ಚಾಡಿ ಹೇಳಿ ಮುಗಿಸಿದರೂ ನಾನು ಎಮ್ಮೆಯ ಹಾಗೆ ಮೆಲುಕು ಹಾಕುತ್ತಿರುತ್ತಿದ್ದೆ.

ತೂಕ ಇಳಿಯಿತು, ನಿಧಾನವಾಗಿ. ಒಮ್ಮೊಮ್ಮೆ ವಾರಗಟ್ಟಲೆ ಮುಷ್ಕರ ಹೂಡಿ ನಿಂತುಬಿಡುತ್ತಿತ್ತು. ಕುಪ್ಪಸಗಳನ್ನು ಮತ್ತೆ ಮತ್ತೆ ಒಳಗೆ ಹಿಡಿಸಿದೆ. ತಲೆಕೂದಲು ಹಿಡಿಹಿಡಿಯಾಗಿ ಉದುರಿ, ಮತ್ತೆ ಸಣ್ಣಗೆ ಚಿಗುರಿದವು. ನಮ್ಮ ಜನರ ಬಾಯಿಗೆ ಬೀಗವಿಲ್ಲ. ದಪ್ಪ ಇದ್ದಾಗ ಆಡಿಕೊಂಡವರೇ ಈಗ, "ಯಾಕ್ರಿ ಟೀಚರ, ಇಷ್ಟ್ಯಾಕ ಸೊರಗೀರಿ? ಮನ್ಯಾಗ ಎಲ್ಲಾ ಚಲೋ ಐತಿಲ್ರಿ?" ಎಂದು ದನಿ ಇಳಿಸಿ ಕೇಳತೊಡಗಿದರು. ಟಂಟಂನವನು ಮಾತ್ರ ಏನೂ ಕೇಳದೆ ನನ್ನನ್ನು ಬದಿಯ ಸೀಟಿಗೆ ಕೂಡಿಸಿದ. ಅದಕ್ಕೆ ನಾನು ಸಂತೋಷಪಡಬೇಕಿತ್ತು, ಪಟ್ಟೆ ಕೂಡ. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ಸಕ್ಕರೆಯ ಗುಳಿಗೆ ಬಿಟ್ಟುಹೋಯಿತು. ಈ ಆಪರೇಷನ್ ಮಾಡಿಸಿಕೊಂಡಿದ್ದಕ್ಕೆ ಒಂದು ದಿನವೂ ನಾನು ಹಳಹಳಿಸಿಲ್ಲ.

ಹಸಿವೆ ಮಾತ್ರ ಹೋಗಿಬಿಟ್ಟಿತ್ತು. ಹೊತ್ತಾಯಿತು ಎಂದು ಗಡಿಯಾರ ನೋಡಿ ಉಣ್ಣುವುದು, ಗುಳಿಗೆ ನುಂಗಿದ ಹಾಗೆ. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಮನಸ್ಸು ಓಡಿ ಹೋಗುತ್ತಿತ್ತು, ಹೊಟ್ಟೆ ಕೂತಲ್ಲೇ ಕೂತಿರುತ್ತಿತ್ತು. ಬಾಯಲ್ಲಿ ನೀರೂರಿ, ಹೊಟ್ಟೆ ಚುರ್ ಎಂದು, ಮೊದಲ ತುತ್ತು ಒಳಗಿಳಿದಾಗ ಮೈಗೆ ಬರುವ ಆ ಸಮಾಧಾನ ಎಷ್ಟು ನೆನಪಾಗುತ್ತಿತ್ತು! ಅದಕ್ಕಿಂತ ಹೆಚ್ಚು ನೆನಪಾಗುತ್ತಿದ್ದುದು ಅಕ್ಕನ ಜೊತೆಗಿನ ಊಟ. ಅವಳ ಮನೆಗೆ ಹೋದರೆ ಈಗ ನನಗೊಂದು ಪುಟ್ಟ ಬಟ್ಟಲು ಬೇರೆ ಇಡುತ್ತಿದ್ದಳು. ತಾನು ಮಾತ್ರ ಕೂಡುತ್ತಿರಲಿಲ್ಲ. "ನಂದು ಆಮ್ಯಾಲ. ಈಗ ಹಸಿವಿಲ್ಲ" ಎಂದು ಒಳಗೆ ಹೋಗುತ್ತಿದ್ದಳು. ನನ್ನ ಎದುರಿಗೆ ಉಣ್ಣಲು ಅವಳಿಗೆ ಸಂಕೋಚ ಎಂದುಕೊಂಡಿದ್ದೆ.

ದೀಪಾವಳಿಗೆ ಹೋದಾಗ ಮಾಮಾ, ಅಂದರೆ ಅಕ್ಕನ ಗಂಡ, ಬಸ್‌ಸ್ಟ್ಯಾಂಡಿನ ತನಕ ಕಳಿಸಲು ಬಂದವರು ಬಾಯಿಬಿಟ್ಟರು.

"ನಿಮ್ಮಕ್ಕ ರೊಟ್ಟಿ ಬಿಟ್ಟಾಳ ನೋಡವಾ. ಭಾಳ ದಿನ ಆತು."

ನಮ್ಮ ಕಡೆ ಮನೆಯಲ್ಲಿ ಯಾರಿಗಾದರೂ ಜಡ್ಡಾದರೆ ಹೆಂಗಸರು ದೇವರ ಮುಂದೆ ನಿಂತು ಏನಾದರೊಂದನ್ನು ಬಿಡುತ್ತಾರೆ. ಚಹಾ ಬಿಡುವವರಿದ್ದಾರೆ, ಚಪ್ಪಲಿ ಬಿಡುವವರಿದ್ದಾರೆ. ಅಕ್ಕ ಸಜ್ಜಕ ಕುಡಿಸಿ ಊರಿಗೆ ಹೋದ ಆ ವಾರವೇ ಬಾಗೇವಾಡಿ ಬಸವಣ್ಣನ ಗುಡಿಗೆ ಹೋಗಿ, ತನ್ನ ತಂಗಿ ತಾನಾಗಿ ಬಾಯಿಬಿಟ್ಟು "ಹಸಿವಿ ಆಗೇತಿ, ರೊಟ್ಟಿ ಕೊಡು" ಎಂದು ಕೇಳುವ ತನಕ ತಾನು ರೊಟ್ಟಿ ಮುಟ್ಟುವುದಿಲ್ಲ ಎಂದು ಬೇಡಿಕೊಂಡು ಬಂದಿದ್ದಳಂತೆ. ಮನೆಮಂದಿಗೆಲ್ಲ ರೊಟ್ಟಿ ಬಡಿದು ಹಾಕಿ, ತಾನು ಒಂದು ಹಿಡಿ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಉಣ್ಣುತ್ತಿದ್ದಳು. ಹುಟ್ಟಿದಾಗಿನಿಂದ ಜೋಳದ ರೊಟ್ಟಿಯ ಮೇಲೆ ಬೆಳೆದ ಮೈ ಅದು. ಅನ್ನ ಉಂಡರೆ ಉಂಡಂಗಾಗೂದಿಲ್ಲ ಎನ್ನುವವಳು.

ನನಗೆ ಎಂಥ ಸಿಟ್ಟು ಬಂತೆಂದರೆ, ಬಸ್ಸು ಬಿಟ್ಟು ಮಾಮಾನ ಗಾಡಿಯ ಮೇಲೆ ವಾಪಸ್ಸು ಮನೆಗೇ ಹೋದೆ.

"ನಿನಗೇನ್ ತಲಿ ಕೆಟ್ಟೈತೇನ? ನನ್ನ ಹಸಿವಿ ಹೋಗಲಿ ಅಂತನ ಆಪರೇಷನ್ ಮಾಡ್ಯಾರ. ಅದು ಮೊದಲಿನಂಗ ಬರೂದಿಲ್ಲ. ಇದು ಜಡ್ಡಲ್ಲ ಅಕ್ಕಾ, ಇದ ಔಷಧ!" ಎಂದು ಕೂಗಾಡಿದೆ.

ಅಕ್ಕ ಜೋಳ ಹಸನು ಮಾಡುತ್ತಿದ್ದಳು, ಮೊರದಿಂದ ಕಣ್ಣೆತ್ತಲಿಲ್ಲ. "ಹಸಿವಿ ಇಲ್ಲದ ಮನಷ್ಯಾರು ಎಲ್ಲೆರೆ ಇರ್ತಾರೇನ? ಬರ್ತೈತಿ. ಅವ ಕೊಡ್ತಾನ" ಎಂದಳು.

"ಬರದಿದ್ರ?"

"ಬರದಿದ್ರ ನಾನೂ ಹಿಂಗ ಇರ್ತೇನಿ."

ಅಷ್ಟೇ. ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರರನ್ನು ಕೇಳಿದೆ, ಹಸಿವೆ ಯಾವಾಗ ಬರುತ್ತದೆ ಎಂದು. "ಕೆಲವ್ರಿಗೆ ಅಷ್ಟಿಷ್ಟು ಬರ್ತೈತ್ರಿ, ಕೆಲವ್ರಿಗೆ ಭಾಳ ತಡ. ಬರಲಿಲ್ಲ ಅಂತ ಅಳೂ ಪೇಷಂಟ್ ನೀವ ಮೊದಲ್ನೇದವ್ರು ನೋಡ್ರಿ" ಎಂದು ನಕ್ಕರು. ನಾನು ನಗಲಿಲ್ಲ. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಎದ್ದೊಡನೆ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಳ್ಳುತ್ತಿದ್ದೆ, ಏನಾದರೂ ಅನಿಸುತ್ತದೆಯೇ ಎಂದು. ಹೊಟ್ಟೆ ಸದ್ದು ಮಾಡಿದರೆ ಆಸೆಯಾಗುತ್ತಿತ್ತು. ಅದು ಗಾಳಿಯಾಗಿರುತ್ತಿತ್ತು.

ಎಳ್ಳ ಅಮಾವಾಸ್ಯೆ ಬಂತು. ಆ ದಿನ ನಮ್ಮಲ್ಲಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ, ಬುಟ್ಟಿ ತುಂಬ ಅಡಿಗೆ ಹೊತ್ತುಕೊಂಡು ಹೊಲಕ್ಕೇ ಹೋಗುವುದು. ಅಕ್ಕನ ಹೊಲದ ಒಂದು ಕಡೆಗೆ ಈಗ ಕಾಲುವೆಯ ನೀರು ಬಂದು ಕಬ್ಬು ನಿಂತಿದೆ. ಮಾಮಾ ಹಟ ಹಿಡಿದು ಉಳಿಸಿಕೊಂಡ ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಬಿಳಿಜೋಳ ಎದೆಯುದ್ದ ಬೆಳೆದು ತೆನೆ ಹೊರಬಿದ್ದಿತ್ತು. ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ ಎಡೆ ಹಿಡಿದೆವು. ಮಾಮಾ ಎಲ್ಲ ಅಡಿಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿಕೊಂಡು ಹೊಲದ ಸುತ್ತ ಚರಗ ಚೆಲ್ಲಿ ಬಂದರು. ಭೂಮಿತಾಯಿ ಉಂಡ ಮೇಲೆ ಮನುಷ್ಯರ ಊಟ.

ಅಕ್ಕ ಎಲ್ಲರಿಗೂ ಬಡಿಸಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡುಬು, ಹಲವು ಕಾಯಿಪಲ್ಯ ಕೂಡಿಸಿದ ಭಜ್ಜಿ, ಶೇಂಗಾ ಹೋಳಿಗೆ, ಗಟ್ಟಿ ಮೊಸರು. ನನಗೆ ಪುಟ್ಟ ಬಟ್ಟಲಲ್ಲಿ ಮೊಸರನ್ನ ಕಲಸಿ ಇಟ್ಟಳು. ಪಕ್ಕದ ಹೊಲದವರನ್ನೂ ಕರೆದು ಕೂಡಿಸಿದಳು. ಅವರಿಗೆ ಬಾಗಿ ಬಡಿಸುವಾಗ ಅವಳ ಬಳೆಗಳು ಮೊಣಕೈಯಿಂದ ಮುಂಗೈಗೆ ಜಾರಿ ಬಿದ್ದವು. ನಾನು ಆಪರೇಷನ್ ಮಾಡಿಸಿಕೊಂಡು ಸೊರಗಿದ್ದೆ, ಅವಳು ಏನೂ ಮಾಡಿಸಿಕೊಳ್ಳದೆಯೇ ಸೊರಗಿದ್ದಳು. ಕುತ್ತಿಗೆಯ ಎಲುಬು ಎದ್ದಿತ್ತು. ಎಲ್ಲರ ತಾಟು ತುಂಬಿದ ಮೇಲೆ ಅವಳು ಬುಟ್ಟಿಯ ಪಕ್ಕ ಮುದುಡಿ ಕುಳಿತು ಎಲ್ಲರೂ ಉಣ್ಣುವುದನ್ನು ನೋಡತೊಡಗಿದಳು. ಅವಳ ಗಂಟಲು ಒಮ್ಮೆ ಉಗುಳು ನುಂಗಿದ್ದು ನನಗೆ ಕಂಡಿತು.

ನನ್ನ ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಹಸಿವೆಯೂ ಇರಲಿಲ್ಲ.

"ಅಕ್ಕಾ" ಎಂದೆ, ಬಟ್ಟಲು ಬದಿಗೆ ಸರಿಸಿ. "ಹಸಿವಿ ಆಗೇತಿ. ರೊಟ್ಟಿ ಕೊಡು."

ಮಾಮಾನ ಕೈ ತಾಟಿನಲ್ಲೇ ನಿಂತಿತು. ಅಕ್ಕ ನನ್ನನ್ನೇ ನೋಡಿದಳು. ಸಣ್ಣವಳಿದ್ದಾಗ ಜ್ವರ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದಳಲ್ಲ, ಹಾಗೆ.

"ಖರೇನ?"

"ಖರೇನ. ಮುಂಜಾನಿಂದ ಹೊಟ್ಟಿ ಚುರು ಚುರು ಅನ್ನಾಕತ್ತೈತಿ."

"ದೇವರ ಮುಂದ ಕುಂತೀವಿ ನೋಡು."

"ಹೌದಕ್ಕಾ. ಲಗೂನ ಕೊಡು ರೊಟ್ಟಿ, ಎಷ್ಟೊತ್ತು?" ಎಂದು ಗದರಿದೆ.

ಅವಳು ರೊಟ್ಟಿ ಮುರಿದಳು. ಅರ್ಧ ನನ್ನ ಕಡೆ ನೂಕಿ, ಮೇಲೆ ಭಜ್ಜಿ ಹಾಕಿದಳು. ನಾನು ಬೆರಳಗಲದ ಚೂರು ಬಾಯಿಗಿಟ್ಟು ಅಗಿಯುತ್ತ ಅವಳ ಮುಖ ನೋಡುತ್ತ ಕುಳಿತೆ. ನಾನು ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವಳು ಉಳಿದರ್ಧ ಕೈಗೆತ್ತಿಕೊಂಡಳು. ಮೊದಲ ತುತ್ತಿಗೆ ಕಣ್ಣು ಮುಚ್ಚಿದಳು. ಎರಡನೆಯದಕ್ಕೆ ಅವಸರ ಬಂತು. ಆಮೇಲೆ ಅವಳಿಗೆ ನಾವು ಯಾರೂ ನೆನಪಿರಲಿಲ್ಲ. ಬಾಯಿ ತುಂಬ ರೊಟ್ಟಿ, ಬೆರಳಿನ ಸಂದಿಯಲ್ಲಿ ಭಜ್ಜಿ, ತುಟಿಯಂಚಿಗೆ ಎಳ್ಳು. ತನ್ನದು ಮುಗಿದ ಮೇಲೆ ನನ್ನ ಮುಂದೆ ಉಳಿದಿದ್ದ ರೊಟ್ಟಿಯನ್ನೂ ಒಂದು ಮಾತು ಕೇಳದೆ ಎತ್ತಿಕೊಂಡು ಉಂಡಳು. ಇಡೀ ವರ್ಷ ಹಸಿದಿದ್ದ ಹೆಂಗಸು ಉಣ್ಣುವುದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಅವಳನ್ನು ನೋಡಿ ನನಗೆ ಸಂತೋಷವಾಯಿತು ಎಂದು ಬರೆದರೆ ಅದು ಅರ್ಧ ಸತ್ಯ. ಉಳಿದರ್ಧ ಹೊಟ್ಟೆಕಿಚ್ಚು.